ತೂತಿನಲ್ಲಿ ಉಳಿದ ಮಾತು

‘ಎಲ್ಲರ ಮನೆ ದೋಸೆಯೂ ತೂತೇ’ ಎಂಬ ಗಾದೆ ಹೇಳಿಕೊಂಡು ನಾವೆಲ್ಲ ಒಂದಲ್ಲ ಒಂದು ಸಲ ಸಮಾಧಾನಪಟ್ಟುಕೊಂಡಿರುತ್ತೇವೆ. ನಮ್ಮ ಮಾತಿನಲ್ಲಿ ತೂತು ಎಂದರೆ ಕುಂದು, ಕೊರತೆ, ಸೋರಿಹೋಗುವುದು. ಕೊಡ ತೂತಾದರೆ ನೀರು ಹೋಯಿತು, ಜೇಬು ತೂತಾದರೆ ಸಂಬಳ ಹೋಯಿತು. ಹೀಗಿರುವಾಗ, ಮನುಷ್ಯ ತನ್ನ ಮಾತನ್ನು, ಲೆಕ್ಕವನ್ನು, ಸಂಗೀತವನ್ನು ಜೋಪಾನವಾಗಿಡಲು ಹೆಚ್ಚುಕಡಿಮೆ ಇನ್ನೂರೈವತ್ತು ವರ್ಷ ತೂತನ್ನೇ ನಂಬಿದ್ದ ಎಂದರೆ ಯಾರಿಗಾದರೂ ನಗು ಬಂದೀತು.

ಆದರೆ ಅಡುಗೆಮನೆಯಲ್ಲೂ ಅಂಗಳದಲ್ಲೂ ಕೈಯಾಡಿಸುವ ನಮಗೆ ತೂತಿನ ಇನ್ನೊಂದು ಗುಣವೂ ಗೊತ್ತು. ಚಕ್ಕುಲಿ ಒರಳಿನ ಬಿಲ್ಲೆಯಲ್ಲಿ ನಕ್ಷತ್ರದಂಥ ತೂತಿದ್ದರೆ ಬರುವುದು ಚಕ್ಕುಲಿ, ಸಣ್ಣ ದುಂಡು ತೂತುಗಳಿದ್ದರೆ ಬರುವುದು ಸೇವೆ. ಹಿಟ್ಟು ನಮ್ಮದು, ರೂಪ ತೂತಿನದು. ತೂತು ಕೊರೆದ ತಗಡಿನ ಕೊಳವೆಯಲ್ಲಿ ರಂಗೋಲಿ ಪುಡಿ ತುಂಬಿ ಹೊಸಿಲಿನ ಮುಂದೆ ಉರುಳಿಸಿದರೆ ಬಳ್ಳಿಯ ಅಂಚು ತಾನಾಗಿ ಮೂಡುತ್ತದೆ. ಬಳ್ಳಿ ಬಿಡಿಸಲು ಬಾರದ ಪುಟ್ಟ ಹುಡುಗಿ ಉರುಳಿಸಿದರೂ ಅದೇ ಬಳ್ಳಿ. ಅಂದರೆ ಯಾರೋ ಒಬ್ಬ ಕುಶಲಿಯ ಕೈಚಳಕ ಆ ತೂತುಗಳಲ್ಲಿ ನೆನಪಾಗಿ ಕೂತಿದೆ. ಇಷ್ಟು ಅರ್ಥವಾದರೆ, ನಾನು ಈಗ ಹೇಳಹೊರಟಿರುವ ಇತಿಹಾಸದ ಅರ್ಧ ಭಾಗ ಅರ್ಥವಾದಂತೆಯೇ.

ಇದು ತೂತು ಹಾಕಿದ ಕಾಗದದ ಪಟ್ಟಿಯ ಕಥೆ. ಕಚೇರಿಗಳಲ್ಲಿ ಇದನ್ನು ಪೇಪರ್ ಟೇಪ್ ಎನ್ನುತ್ತಿದ್ದರು. ದರ್ಜಿಯ ಅಳತೆ ಟೇಪಿಗಿಂತ ಸ್ವಲ್ಪ ಅಗಲವಾದ, ಸುರುಳಿ ಸುತ್ತಿದ ಕಾಗದ. ಅದರ ಅಡ್ಡಕ್ಕೆ ಐದು ಅಥವಾ ಎಂಟು ತೂತುಗಳಿಗೆ ಜಾಗ. ನಡುವೆ ಉದ್ದಕ್ಕೂ ಒಂದು ಸಾಲು ಪುಟಾಣಿ ತೂತುಗಳು. ಅವು ಹಲ್ಲುಗಾಲಿ ಸಿಕ್ಕಿಸಿ ಪಟ್ಟಿಯನ್ನು ಮುಂದಕ್ಕೆ ಎಳೆಯಲು. ಉಳಿದ ಜಾಗದಲ್ಲಿ ಎಲ್ಲಿ ತೂತಿದೆ, ಎಲ್ಲಿ ಇಲ್ಲ ಎಂಬುದೇ ಬರಹ. ಒಂದು ಅಡ್ಡಸಾಲೆಂದರೆ ಒಂದು ಅಕ್ಷರ. ಒಂದು ಅಂಗುಲ ಉದ್ದದಲ್ಲಿ ಹತ್ತು ಅಕ್ಷರ.

ಈ ಕಥೆ ಶುರುವಾಗುವುದು ಸೀರೆಯಂಥದೇ ಬಟ್ಟೆಯ ಮೇಲೆ, ರೇಷ್ಮೆ ನೇಯುವ ಫ್ರಾನ್ಸಿನ ಲಿಯೋನ್ ನಗರದಲ್ಲಿ. ಹೂವಿನ ವಿನ್ಯಾಸ ಬರಬೇಕಾದರೆ ಹಾಸಿನ ಎಳೆಗಳಲ್ಲಿ ಯಾವುದು ಯಾವಾಗ ಮೇಲೇಳಬೇಕು ಎಂಬ ಲೆಕ್ಕ ತಪ್ಪಬಾರದು. ಆ ಕಾಲದಲ್ಲಿ ನೇಕಾರನ ಜೊತೆ ಒಬ್ಬ ಹುಡುಗ ನಿಂತು, ಪ್ರತಿ ಸಾಲಿಗೂ ಬೇಕಾದ ಹುರಿಗಳನ್ನು ಹುಡುಕಿ ಎಳೆಯಬೇಕಾಗಿತ್ತು. ದಿನವಿಡೀ ಅದೇ ಕೆಲಸ. 1725ರಲ್ಲಿ ಬಾಸಿಲ್ ಬುಶೋನ್ ಎಂಬಾತ, ವಾದ್ಯ ತಯಾರಿಸುವವನ ಮಗ, ಈ ನೆನಪನ್ನು ಹುಡುಗನ ತಲೆಯಿಂದ ತೆಗೆದು ಒಂದು ಕಾಗದದ ಸುರುಳಿಗೆ ಹಾಕಿದ. ಕಾಗದದಲ್ಲಿ ತೂತಿದ್ದ ಕಡೆ ಸೂಜಿ ಒಳಹೋಗುತ್ತದೆ, ಇಲ್ಲದ ಕಡೆ ತಡೆಯುತ್ತದೆ. ಅದಕ್ಕೆ ತಕ್ಕಂತೆ ಎಳೆ ಏಳುತ್ತದೆ ಅಥವಾ ಸುಮ್ಮನಿರುತ್ತದೆ. ಕಾಗದ ಬೇಗ ಹರಿಯುತ್ತಿತ್ತೆಂದು ಅವನ ಜೊತೆಗಾರ ಫಾಲ್ಕನ್ ರಟ್ಟಿನ ತುಂಡುಗಳನ್ನು ಸರಪಳಿಯಂತೆ ಪೋಣಿಸಿದ. 1804ರ ಹೊತ್ತಿಗೆ ಜೋಸೆಫ್ ಮರಿ ಜಕಾರ್ಡ್ ಅದನ್ನೆಲ್ಲ ಒಂದು ಹದಕ್ಕೆ ತಂದ. ನಮ್ಮ ದೊಡ್ಡಬಳ್ಳಾಪುರದ ಮಗ್ಗಗಳ ನೆತ್ತಿಯ ಮೇಲೆ ಕೂತು ಅಂಚು ಸೆರಗುಗಳ ಹೂಬಳ್ಳಿಯನ್ನು ನೋಡಿಕೊಳ್ಳುವ ಯಂತ್ರಕ್ಕೆ ಇಂದಿಗೂ ಅವನದೇ ಹೆಸರು. ಜಕಾರ್ಡ್ ತೀರಿಕೊಂಡ ಐದು ವರ್ಷಕ್ಕೆ, 1839ರಲ್ಲಿ, ಅವನ ಭಾವಚಿತ್ರವನ್ನೇ ರೇಷ್ಮೆಯಲ್ಲಿ ನೇಯ್ದರು. ಅದಕ್ಕೆ ಬೇಕಾದ ತೂತಿನ ರಟ್ಟುಗಳು ಸುಮಾರು 24,000. ಮುಟ್ಟಿ ನೋಡದ ಹೊರತು ಅದು ಅಚ್ಚಿನ ಚಿತ್ರವಲ್ಲ, ಬಟ್ಟೆ ಎಂದು ತಿಳಿಯುತ್ತಿರಲಿಲ್ಲವಂತೆ.

ಬಟ್ಟೆಯಿಂದ ತೂತು ಮಾತಿಗೆ ಬಂದದ್ದು ತಂತಿಯ ಕಾಲದಲ್ಲಿ. 1846ರಲ್ಲಿ ಅಲೆಕ್ಸಾಂಡರ್ ಬೇನ್ ಎಂಬ ಸ್ಕಾಟ್ಲೆಂಡಿನ ಗಡಿಯಾರ ತಯಾರಕ, ಕಾಗದದ ಪಟ್ಟಿಯಲ್ಲಿ ಮೊದಲೇ ತೂತು ಹಾಕಿಟ್ಟುಕೊಂಡು ತಂತಿ ಸಂದೇಶ ಕಳಿಸುವ ಉಪಾಯ ಕಂಡುಹಿಡಿದ. ಕೈಯಿಂದ ಕಟಕಟನೆ ಒತ್ತುವವನಿಗೆ ದಣಿವಾಗುತ್ತದೆ, ಪಟ್ಟಿಗೆ ದಣಿವಿಲ್ಲ. ಮುಂದೆ ಇಂಗ್ಲೆಂಡಿನ ವೀಟ್‌ಸ್ಟನ್ ಇದನ್ನು ಬಳಕೆಗೆ ತಂದ. ಫ್ರಾನ್ಸಿನ ಬೋಡೋ 1870ರ ದಶಕದಲ್ಲಿ ಪ್ರತಿ ಅಕ್ಷರಕ್ಕೂ ಐದು ಮನೆಗಳ ಒಂದು ಸಾಲು ಎಂಬ ನಿಯಮ ಮಾಡಿದ. ಐದು ಮನೆಗಳಲ್ಲಿ ತೂತು ಇರುವ, ಇಲ್ಲದಿರುವ ಬಗೆಗಳು ಒಟ್ಟು 32. ಇಂಗ್ಲಿಷಿನ 26 ಅಕ್ಷರಗಳಿಗೆ ಅಷ್ಟು ಸಾಕು. 1901ರಲ್ಲಿ ನ್ಯೂಜಿಲೆಂಡಿನ ಡೊನಾಲ್ಡ್ ಮರೆ ಅದನ್ನು ಬೆರಳಚ್ಚು ಯಂತ್ರದ ಕೀಲಿಮಣೆಗೆ ಜೋಡಿಸಿದ. ಅವನು ಮಾಡಿದ ಒಂದು ಏರ್ಪಾಡು ನನಗೆ ಬಹಳ ಹಿಡಿಸಿತು. ಹೆಚ್ಚು ಬಳಕೆಯ ಅಕ್ಷರಗಳಿಗೆ ಕಡಿಮೆ ತೂತು ಕೊಟ್ಟ. ‘ಇ’ಗೆ ಒಂದೇ ತೂತು, ‘ಟಿ’ಗೂ ಒಂದೇ. ಇದರಿಂದ ಯಂತ್ರದ ಸವೆತ ಕಡಿಮೆ. ದಿನಬಳಕೆಯ ಡಬ್ಬಿಗಳನ್ನು ಒಲೆಯ ಪಕ್ಕದಲ್ಲೂ ಅಪರೂಪದವನ್ನು ಅಟ್ಟದ ಮೇಲೂ ಇಡುವ ನಮ್ಮ ಲೆಕ್ಕಾಚಾರವೇ ಅಲ್ಲವೆ ಇದು?

ಈ ಐದು ತೂತಿನ ಪಟ್ಟಿಯನ್ನು ನಾನು ಕಣ್ಣಾರೆ ಕಂಡದ್ದು ನನ್ನ ಅತ್ತಿಗೆಯ ಕೈಯಲ್ಲಿ. ದೊಡ್ಡಣ್ಣನ ಹೆಂಡತಿ. 1970ರ ದಶಕದಲ್ಲಿ ಜಿಲ್ಲಾ ಕೇಂದ್ರದ ತಂತಿ ಕಚೇರಿಯಲ್ಲಿ ಕೆಲಸಕ್ಕಿದ್ದರು. ಆಗೆಲ್ಲ ತಂತಿ ಬಂತೆಂದರೆ ಬೀದಿಯೇ ಉಸಿರು ಹಿಡಿಯುತ್ತಿತ್ತು. ಮದುವೆಯ ಶುಭಾಶಯಗಳಿಗೆ ಒಂದೊಂದು ಸಂಖ್ಯೆ ಗೊತ್ತುಮಾಡಿದ್ದರು, ಸಂಖ್ಯೆ ಹೇಳಿದರೆ ಇಡೀ ವಾಕ್ಯ ತಲುಪುತ್ತಿತ್ತು. ಸಾವಿನ ಸುದ್ದಿಗೆ ಮಾತ್ರ ಸಂಖ್ಯೆ ಇರಲಿಲ್ಲ, ಅದನ್ನು ಒಂದೊಂದೇ ಅಕ್ಷರವಾಗಿ ಒತ್ತಬೇಕಾಗಿತ್ತು ಎಂದು ಅತ್ತಿಗೆ ಹೇಳುತ್ತಿದ್ದರು. ಕೆಲಸ ಮುಗಿದ ಪಟ್ಟಿಯ ತುಂಡುಗಳನ್ನು ಒಮ್ಮೊಮ್ಮೆ ಮನೆಗೆ ತಂದು ಮಕ್ಕಳ ಕೈಗೆ ಕೊಡುತ್ತಿದ್ದರು. ನಮಗೆ ಅದು ಗಣೇಶನ ಮಂಟಪದ ತೋರಣ.

‘ಬಾರೇ ಇಲ್ಲಿ, ಇದರಲ್ಲಿ ಏನು ಬರೆದಿದೆ ಹೇಳು ನೋಡೋಣ’ ಎಂದು ಒಂದು ಸಲ ಕೂರಿಸಿಕೊಂಡರು. ನಾಲ್ಕೇ ಸಾಲು. ಮೊದಲ ಸಾಲಿನಲ್ಲಿ ಮೇಲಿನ ಎರಡು ತೂತು. ಎರಡನೆಯದರಲ್ಲಿ ಕೆಳಗಿನ ಮೂರು. ಮೂರನೆಯದರಲ್ಲೂ ಕೆಳಗಿನ ಮೂರು. ನಾಲ್ಕನೆಯದರಲ್ಲಿ ಮತ್ತೆ ಮೇಲಿನ ಎರಡು. ನನಗೆ ರಂಗೋಲಿಯ ಎಳೆಯಂತೆ ಕಂಡಿತೇ ಹೊರತು ಇನ್ನೇನೂ ತಿಳಿಯಲಿಲ್ಲ. ‘ಎ, ಎಂ, ಎಂ, ಎ. ಅಮ್ಮ ಅಂತ ಕಣೇ’ ಎಂದು ನಕ್ಕರು. ಯಂತ್ರವಿಲ್ಲ, ಕರೆಂಟಿಲ್ಲ, ಕಿಟಕಿಯ ಬೆಳಕಿಗೆ ಹಿಡಿದು ಬರೀ ಕಣ್ಣಲ್ಲಿ ಓದಿದ್ದರು. ಅಭ್ಯಾಸವಾದ ತಂತಿ ಕಚೇರಿಯವರು ಎಷ್ಟೋ ಜನ ಹಾಗೆ ಓದಬಲ್ಲವರಾಗಿದ್ದರು. ನಮ್ಮ ದೇಶದಲ್ಲಿ ತಂತಿ ಸೇವೆ 2013ರ ಜುಲೈ ನಡುವಿನಲ್ಲಿ ನಿಂತಿತು. ಆದರೆ ಅಂಥ ಪಟ್ಟಿ ಇಂದು ಯಾವ ಟ್ರಂಕಿನಲ್ಲಿ ಸಿಕ್ಕಿದರೂ ಅತ್ತಿಗೆಯಂಥವರು ಓದಿಬಿಡುತ್ತಾರೆ. ಈ ಮಾತನ್ನು ನೆನಪಿಟ್ಟುಕೊಳ್ಳಿ, ಮುಂದೆ ಬೇಕಾಗುತ್ತದೆ.

ತೂತಿನ ಪಟ್ಟಿ ಬರಿಯ ಸಂದೇಶ ಕಳಿಸಲಿಕ್ಕಷ್ಟೇ ಅಲ್ಲ, ಕಾಪಾಡಿ ಇಡಲಿಕ್ಕೂ ಆದೀತು ಎಂದು ತೋರಿಸಿಕೊಟ್ಟವರು ಸಂಗೀತದ ಮಂದಿ. 1904ರಲ್ಲಿ ಜರ್ಮನಿಯ ವೆಲ್ಟೆ ಸಂಸ್ಥೆ ಒಂದು ಹೊಸ ಬಗೆಯ ಪಿಯಾನೋ ವ್ಯವಸ್ಥೆ ಹೊರತಂದಿತು. ಕಲಾವಿದ ನುಡಿಸಿದಾಗ ಯಾವ ಮನೆ ಯಾವಾಗ ಒತ್ತಿದ, ಎಷ್ಟು ಹೊತ್ತು ಹಿಡಿದ, ಎಷ್ಟು ಮೆದುವಾಗಿ ಎಂಬುದನ್ನೆಲ್ಲ ಕಾಗದದ ಸುರುಳಿಯಲ್ಲಿ ತೂತುಗಳಾಗಿ ಇಳಿಸುವುದು. ಆಮೇಲೆ ಆ ಸುರುಳಿಯನ್ನು ಓಡಿಸಿದರೆ ಪಿಯಾನೋ ತಾನೇ ನುಡಿಯುವುದು. 1905ರ ನವೆಂಬರಿನಲ್ಲಿ ಗುಸ್ತಾವ್ ಮಾಲರ್ ಎಂಬ ಹೆಸರಾಂತ ಸಂಗೀತಗಾರ ಲೈಪ್ಸಿಗ್ ನಗರದಲ್ಲಿ ಈ ಯಂತ್ರದ ಮುಂದೆ ಕೂತು ತನ್ನದೇ ನಾಲ್ಕು ಕೃತಿಗಳನ್ನು ನುಡಿಸಿದ. 1911ರಲ್ಲಿ ತೀರಿಕೊಂಡ. ಅವನ ಕೈಯಿಂದ ಬಂದ ಸಂಗೀತ ಇಂದು ನಮಗೆ ಕೇಳಸಿಗುವುದು ಆ ಕಾಗದದ ತೂತುಗಳಿಂದ ಮಾತ್ರ. ನೂರು ವರ್ಷ ದಾಟಿದೆ. ಇಬ್ಬರು ಮೂವರು ಸೇರಿ ಹಳೆಯ ಪಿಯಾನೋ ಒಂದನ್ನು ಸರಿಪಡಿಸಿ ಸುರುಳಿ ಹಾಕಿದರೆ, ಸತ್ತವನ ಬೆರಳು ಒತ್ತಿದಂತೆ ಮನೆಗಳು ತಾವಾಗಿ ಕೆಳಗಿಳಿಯುತ್ತವೆ.

ಎರಡನೆಯ ಮಹಾಯುದ್ಧದ ಹೊತ್ತಿಗೆ ಈ ಪಟ್ಟಿ ಲೆಕ್ಕದ ಯಂತ್ರಗಳನ್ನು ಸೇರಿತು. ಜರ್ಮನಿಯಲ್ಲಿ ಕಾನ್ರಾಡ್ ಸೂಸೆ 1941ರಲ್ಲಿ ಕಟ್ಟಿದ ಗಣಕಕ್ಕೆ ಕಾಗದದ ಬದಲು ಬಿಸಾಡಿದ ಸಿನಿಮಾ ರೀಲುಗಳನ್ನೇ ತೂತು ಹಾಕಿ ಬಳಸಿದ. ಇಂಗ್ಲೆಂಡಿನ ಬ್ಲೆಚ್‌ಲಿ ಪಾರ್ಕಿನಲ್ಲಿ ನಡೆದದ್ದು ಇನ್ನೂ ದೊಡ್ಡ ಕಥೆ. ಜರ್ಮನ್ ಸೇನೆಯ ಗೂಢ ಸಂದೇಶಗಳನ್ನು ಬಿಡಿಸಲು ಟಾಮಿ ಫ್ಲವರ್ಸ್ ಎಂಬ ಟೆಲಿಫೋನ್ ಇಲಾಖೆಯ ಎಂಜಿನಿಯರ್ ಕೊಲೋಸಸ್ ಎಂಬ ಯಂತ್ರವನ್ನು ರಚಿಸಿದ. 1944ರ ಫೆಬ್ರವರಿಯಲ್ಲಿ ಅದು ಕೆಲಸಕ್ಕೆ ತೊಡಗಿತು. ಹಿಡಿದ ಸಂದೇಶವನ್ನು ಐದು ತೂತಿನ ಪಟ್ಟಿಯಲ್ಲಿ ಇಳಿಸಿ, ಎರಡು ತುದಿ ಅಂಟಿಸಿ ಬಳೆಯಂತೆ ಮಾಡಿ, ಗಾಲಿಗಳ ಮೇಲೆ ಓಡಿಸುತ್ತಿದ್ದರು. ಸೆಕೆಂಡಿಗೆ 5,000 ಅಕ್ಷರ. ಗಂಟೆಗೆ ಸುಮಾರು 44 ಕಿಲೋಮೀಟರ್ ಓಟ. ಕಾಗದ ಎಷ್ಟು ತಡೆದೀತು ನೋಡೋಣ ಎಂದು ಒಮ್ಮೆ ವೇಗ ಏರಿಸುತ್ತಾ ಹೋದಾಗ, ಸೆಕೆಂಡಿಗೆ 9,700 ಅಕ್ಷರ ಮುಟ್ಟಿದ ಮೇಲೆ ಪಟ್ಟಿ ಚೂರುಚೂರಾಯಿತಂತೆ.

ಈ ಯಂತ್ರಗಳನ್ನು ಹಗಲಿರುಳು ನಡೆಸಿದವರು ಬಹುಪಾಲು ಹೆಂಗಸರು. ನೌಕಾಸೇನೆಯ ಮಹಿಳಾ ವಿಭಾಗದ ನೂರಾರು ಹುಡುಗಿಯರು. ಪಟ್ಟಿ ಕತ್ತರಿಸುವುದು, ತುದಿಗಳನ್ನು ಹದವಾಗಿ ಅಂಟಿಸುವುದು, ಗಾಲಿಗೆ ಏರಿಸುವುದು, ಬಿಗಿ ಸರಿಯಿದೆಯೇ ಎಂದು ಬೆರಳಲ್ಲಿ ನೋಡುವುದು. ಅಂಟು ಸ್ವಲ್ಪ ಹೆಚ್ಚು ಕಡಿಮೆಯಾದರೂ ಪಟ್ಟಿ ಹರಿದು, ಗಂಟೆಗಟ್ಟಲೆ ಕೆಲಸ ಹಾಳು. ಯುದ್ಧ ಮುಗಿಯುವ ವೇಳೆಗೆ ಹತ್ತು ಕೊಲೋಸಸ್‌ಗಳಿದ್ದವು. ಆಮೇಲೆ ಹೆಚ್ಚಿನವನ್ನು ಬಿಚ್ಚಿಹಾಕಿದರು. ನಕಾಶೆಗಳನ್ನೂ ದಾಖಲೆಗಳನ್ನೂ ಸುಡಬೇಕೆಂದು ಅಪ್ಪಣೆಯಾಯಿತು. ಟಾಮಿ ಫ್ಲವರ್ಸ್ ತನ್ನ ಕೈಯಾರೆ ತನ್ನ ಕೃತಿಯ ಕಾಗದಗಳನ್ನು ಬೆಂಕಿಗೆ ಹಾಕಿದ. ಹುಡುಗಿಯರು ಮದುವೆಯಾಗಿ, ಮಕ್ಕಳನ್ನು ಹೆತ್ತು, ಅಜ್ಜಿಯರಾಗುವವರೆಗೂ ಬಾಯಿ ಬಿಡಲಿಲ್ಲ. 1970ರ ದಶಕದಲ್ಲಿ ಗುಟ್ಟು ಹೊರಬೀಳುವವರೆಗೆ ಅವರು ಮಾಡಿದ್ದೇನೆಂದು ಮನೆಯವರಿಗೂ ಗೊತ್ತಿರಲಿಲ್ಲ. ಕಾಗದ ಬಾಳುತ್ತದೆ ಎನ್ನುವಾಗಲೆಲ್ಲ ನನಗೆ ಈ ಬೆಂಕಿ ನೆನಪಾಗುತ್ತದೆ. ವಸ್ತು ಎಷ್ಟೇ ಗಟ್ಟಿಯಾಗಿರಲಿ, ಉಳಿಸಬೇಕು ಎಂಬ ಮನಸ್ಸು ಯಾರಿಗಾದರೂ ಇದ್ದರೆ ಮಾತ್ರ ಅದು ಉಳಿಯುವುದು.

ಯುದ್ಧದ ನಂತರದ ಮೂವತ್ತು ವರ್ಷ ಪೇಪರ್ ಟೇಪಿನ ವೈಭವದ ಕಾಲ. 1949ರ ಮೇ ತಿಂಗಳಲ್ಲಿ ಕೇಂಬ್ರಿಜ್‌ನ ಎಡ್ಸಾಕ್ ಗಣಕ ಮೊದಲ ಲೆಕ್ಕ ಮಾಡಿದ್ದು ಇಂಥ ಪಟ್ಟಿಯನ್ನು ಓದಿಯೇ. ಅಲ್ಲಿ ಪದೇ ಪದೇ ಬೇಕಾಗುವ ಲೆಕ್ಕದ ವಿಧಾನಗಳನ್ನು ಒಂದೊಂದು ಪುಟ್ಟ ಪಟ್ಟಿಯಲ್ಲಿ ಇಳಿಸಿ ಬೀರುವಿನಲ್ಲಿ ಜೋಡಿಸಿಟ್ಟಿದ್ದರು. ಬೇಕಾದವರು ತೆಗೆದು, ತಮ್ಮ ಪಟ್ಟಿಗೆ ನಕಲು ಮಾಡಿಕೊಂಡು, ಮತ್ತೆ ಅದೇ ಜಾಗದಲ್ಲಿಡಬೇಕು. ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾಲಯದ ಮಾರ್ಕ್ ಒನ್ ಯಂತ್ರಕ್ಕೆ 24 ತೂತುಗಳ ಅಗಲದ ಪಟ್ಟಿ. 1944ರಲ್ಲಿ ಅಲ್ಲಿ ಕೆಲಸಕ್ಕೆ ಸೇರಿದ ಗ್ರೇಸ್ ಹಾಪರ್ ಮುಂದೆ ಗಣಕ ಲೋಕದ ದೊಡ್ಡ ಹೆಸರಾದರು. ಪಟ್ಟಿಯಲ್ಲಿ ತೂತು ತಪ್ಪಿ ಬಿದ್ದರೆ ಅಲ್ಲಿ ಒಂದು ಚೂರು ಕಾಗದ ಅಂಟಿಸಿ ಮುಚ್ಚುತ್ತಿದ್ದರು, ನಾವು ಸೀರೆಗೆ ತೇಪೆ ಹಾಕಿದ ಹಾಗೆ. ಇಂದು ಮೊಬೈಲಿನಲ್ಲಿ ತಂತ್ರಾಂಶ ಸರಿಪಡಿಸುವುದಕ್ಕೆ ಪ್ಯಾಚ್ ಎನ್ನುತ್ತಾರಲ್ಲ, ಅದು ಆ ತೇಪೆಯ ಹೆಸರೇ.

ತೇಪೆ ಹಾಕಲು ಪುರುಸೊತ್ತಿಲ್ಲದಿದ್ದರೆ ಇನ್ನೊಂದು ದಾರಿ ಇತ್ತು. ಕಾಗದದಲ್ಲಿ ಒಮ್ಮೆ ಬಿದ್ದ ತೂತನ್ನು ಯಂತ್ರ ಮತ್ತೆ ಮುಚ್ಚಲಾರದು. ಆದ್ದರಿಂದ ತಪ್ಪಿದ ಸಾಲಿನಲ್ಲಿ ಉಳಿದ ಮನೆಗಳಿಗೂ ತೂತು ಹಾಕಿಬಿಡುವುದು. ಎಲ್ಲ ಮನೆಯೂ ತೂತಾಗಿದ್ದರೆ ‘ಇದನ್ನು ಓದಬೇಡ, ಮುಂದೆ ಹೋಗು’ ಎಂದರ್ಥ. ಗಣಕಗಳ ಅಕ್ಷರ ಪಟ್ಟಿಯಲ್ಲಿ ಅಳಿಸುವ ಗುರುತಿಗೆ 127 ಎಂಬ ಸಂಖ್ಯೆ ಬಂದದ್ದು ಹೀಗೆ. ಏಳು ಮನೆಗಳೂ ತುಂಬಿದರೆ ಆಗುವ ಮೊತ್ತ ಅದು. ಪೇಪರ್ ಟೇಪ್ ಬಳಕೆಯಿಂದ ಹೋದ ಮೇಲೂ ಆ ಸಂಖ್ಯೆ ಹಾಗೆಯೇ ಉಳಿದಿದೆ. ತಪ್ಪನ್ನು ಮುಚ್ಚಿಡದೆ, ಇಲ್ಲಿ ತಪ್ಪಾಗಿತ್ತು ಎಂದು ಎಲ್ಲರಿಗೂ ಕಾಣುವಂತೆ ಬಿಟ್ಟು ಮುಂದಕ್ಕೆ ಹೋಗುವ ಈ ಪದ್ಧತಿಯಲ್ಲಿ ಒಂದು ಪ್ರಾಮಾಣಿಕತೆ ಇದೆ.

1975ರಲ್ಲಿ ಬಿಲ್ ಗೇಟ್ಸ್ ಮತ್ತು ಪಾಲ್ ಅಲೆನ್ ಎಂಬ ಇಬ್ಬರು ಯುವಕರು ಬರೆದ ತಂತ್ರಾಂಶವೂ ಜನರಿಗೆ ತಲುಪಿದ್ದು ಪೇಪರ್ ಟೇಪಿನಲ್ಲೇ. ಅಷ್ಟರಲ್ಲಿ ಆಯಸ್ಕಾಂತದ ಟೇಪು, ಆಮೇಲೆ ಫ್ಲಾಪಿ, ಸಿ.ಡಿ. ಒಂದರ ಹಿಂದೆ ಒಂದು ಬಂದವು. ಕಾಗದದ ಸುರುಳಿಗಳು ಗುಜರಿಗೆ ಹೋದವು.

ಹೋಗಲೇಬೇಕಿತ್ತು ಬಿಡಿ. ಲೆಕ್ಕ ಹಾಕಿ ನೋಡಿದರೆ ಗೊತ್ತಾಗುತ್ತದೆ. ಸಾವಿರ ಅಡಿ ಉದ್ದದ ಒಂದು ಸುರುಳಿ ಸುತ್ತಿಟ್ಟರೆ ತಿಂಡಿ ತಟ್ಟೆಯಷ್ಟು ದೊಡ್ಡದು. ಅದರಲ್ಲಿ ಹಿಡಿಸುವುದು 1,20,000 ಅಕ್ಷರ. ಇಂದು ನಮ್ಮ ಮೊಮ್ಮಕ್ಕಳು ಮೊಬೈಲಿನಲ್ಲಿ ತೆಗೆಯುವ ಒಂದು ಫೋಟೋಗೆ ಮೂವತ್ತು ಲಕ್ಷ ಅಕ್ಷರಗಳಷ್ಟು ಜಾಗ ಬೇಕೆಂದಿಟ್ಟುಕೊಂಡರೆ, ಆ ಒಂದು ಫೋಟೋಗೆ 25 ಸುರುಳಿ. ಬಿಚ್ಚಿ ಹಾಸಿದರೆ ಏಳೂವರೆ ಕಿಲೋಮೀಟರಿಗೂ ಹೆಚ್ಚು. ಒಂದು ನಾಮಕರಣದ ಫೋಟೋಗಳನ್ನು ಇಡಲು ಊರ ಛತ್ರವೇ ಬೇಕಾದೀತು.

ಆದರೆ ಜಾಗದ ಲೆಕ್ಕ ಒಂದು, ಆಯುಸ್ಸಿನ ಲೆಕ್ಕ ಇನ್ನೊಂದು. ಕಾಗದಕ್ಕೆ ಶತ್ರುಗಳು ಇಲ್ಲದಿಲ್ಲ. ಬೆಂಕಿ, ನೀರು, ಗೆದ್ದಲು ಇವೆ. ಅಗ್ಗದ ಕಾಗದದಲ್ಲಿರುವ ಆಮ್ಲ ಅದನ್ನೇ ತಿಂದು ಹಪ್ಪಳದಂತೆ ಮುರಿಯುವ ಹಾಗೆ ಮಾಡುತ್ತದೆ. ಅದಕ್ಕೇ ಮುಖ್ಯವಾದ ಪಟ್ಟಿಗಳನ್ನು ಮೈಲಾರ್ ಎಂಬ ಹರಿಯದ ಪ್ಲಾಸ್ಟಿಕ್ ಹಾಳೆಯಲ್ಲಿ, ಅಥವಾ ಎರಡು ಮೈಲಾರ್ ಹಾಳೆಗಳ ನಡುವೆ ಕಾಗದ ಇಟ್ಟು ಮಾಡುತ್ತಿದ್ದರು. ಅಮೆರಿಕದ ರಾಷ್ಟ್ರೀಯ ಭದ್ರತಾ ಸಂಸ್ಥೆಯಂಥ ಕಡೆ ಗೂಢಲಿಪಿಯ ಕೀಲಿಗಳನ್ನು ಈ ಶತಮಾನದ ಆರಂಭದಲ್ಲಿಯೂ ತೂತಿನ ಪಟ್ಟಿಯಲ್ಲಿ ಹಂಚುತ್ತಿದ್ದರು. ಒಳ್ಳೆಯ ಕಾಗದವಾಗಿ, ಒಣಗಿದ ಜಾಗದಲ್ಲಿದ್ದರೆ ತೂತು ಮಾಸುವುದಿಲ್ಲ. ಆಯಸ್ಕಾಂತ ಹತ್ತಿರ ಬಂದರೂ ಹೆದರುವುದಿಲ್ಲ. ಮುಖ್ಯವಾಗಿ, ಅದನ್ನು ಓದುವ ಯಂತ್ರ ಭೂಮಿಯ ಮೇಲೆ ಒಂದೂ ಉಳಿಯದಿದ್ದರೂ ಕಣ್ಣಿಗೆ ಕಾಣುತ್ತದೆ. ಕೆಳಗೆ ದೀಪ ಹಿಡಿದು ಮೇಲಿನಿಂದ ಫೋಟೋ ತೆಗೆದರೆ ಸಾಕು, ಎಲ್ಲಿ ಬೆಳಕು ಬಂತು ಎಂದು ಎಣಿಸಿಕೊಳ್ಳಬಹುದು. ಹಳೆಯ ಗಣಕಗಳ ಪಟ್ಟಿಗಳನ್ನು ಆಸಕ್ತರು ಇಂದು ಹೀಗೂ ಓದುತ್ತಿದ್ದಾರೆ.

ಆಮೇಲೆ ಬಂದ ಸಾಧನಗಳಿಗೆ ಈ ಭಾಗ್ಯವಿಲ್ಲ. ಇಂಗ್ಲೆಂಡಿನಲ್ಲಿ 1086ರಲ್ಲಿ ಕುರಿಚರ್ಮದ ಹಾಳೆಗಳಲ್ಲಿ ಬರೆದ ‘ಡೂಮ್ಸ್‌ಡೇ’ ಎಂಬ ಭೂದಾಖಲೆಯ ಪುಸ್ತಕವಿದೆ. ಅದರ ಒಂಬೈನೂರನೆಯ ವರ್ಷದ ನೆನಪಿಗೆ 1986ರಲ್ಲಿ ಬಿ.ಬಿ.ಸಿ.ಯವರು ಹತ್ತು ಲಕ್ಷಕ್ಕೂ ಹೆಚ್ಚು ಜನರಿಂದ ಮಾಹಿತಿ ಸೇರಿಸಿ ಲೇಸರ್ ಡಿಸ್ಕಿನಲ್ಲಿ ಹೊಸ ‘ಡೂಮ್ಸ್‌ಡೇ’ ಮಾಡಿದರು. ಶಾಲೆಯ ಮಕ್ಕಳು ತಮ್ಮ ಊರು, ಊಟ, ಆಟಗಳ ಬಗ್ಗೆ ಬರೆದರು. ಹದಿನೈದು ವರ್ಷ ಕಳೆಯುವುದರೊಳಗೆ ಆ ಡಿಸ್ಕ್ ಓದುವ ಯಂತ್ರಗಳೇ ಅಪರೂಪವಾದವು. 2002ರ ಹೊತ್ತಿಗೆ ಪಂಡಿತರು ಕೂತು ಅದನ್ನು ಬಿಡಿಸಬೇಕಾಯಿತು. ಒಂಬೈನೂರು ವರ್ಷದ ಚರ್ಮದ ಹಾಳೆಯನ್ನು ಮಾತ್ರ ಲ್ಯಾಟಿನ್ ಬಲ್ಲವರು ಇವತ್ತಿಗೂ ಓದುತ್ತಾರೆ. ಚಂದ್ರನ ಮೇಲೆ ಮನುಷ್ಯ ಕಾಲಿಟ್ಟ 1969ರ ಮೂಲ ಚಿತ್ರಗಳಿದ್ದ ಆಯಸ್ಕಾಂತದ ಟೇಪುಗಳು ಬಹುಶಃ ಅಳಿಸಿ ಮರುಬಳಕೆಯಾದವು ಎಂದು ನಾಸಾ 2009ರಲ್ಲಿ ಒಪ್ಪಿಕೊಳ್ಳಬೇಕಾಯಿತು.

ಅದೇ ನಾಸಾದಲ್ಲಿ ಇನ್ನೊಂದು ಕಥೆಯೂ ನಡೆದಿದೆ. ಅದಕ್ಕಿಂತ ಮೊದಲು, 1966 ಮತ್ತು 1967ರಲ್ಲಿ, ಚಂದ್ರನ ಸುತ್ತ ಸುತ್ತಿದ ಐದು ನೌಕೆಗಳು ಕಳಿಸಿದ ಚಿತ್ರಗಳು ಟೇಪುಗಳಲ್ಲಿದ್ದವು. ಅವನ್ನು ಎಸೆಯುವ ಮಾತು ಬಂದಾಗ ನ್ಯಾನ್ಸಿ ಇವಾನ್ಸ್ ಎಂಬ ದಾಖಲೆ ಪಾಲಕಿ ಒಪ್ಪಲಿಲ್ಲ. ಟೇಪು ಉಳಿದರೆ ಸಾಲದು, ಓದುವ ಯಂತ್ರವೂ ಬೇಕಲ್ಲ ಎಂದು ಫ್ರಿಜ್ಜಿನಷ್ಟು ದೊಡ್ಡದಾದ, ಯಾರಿಗೂ ಬೇಡವಾಗಿದ್ದ ಯಂತ್ರಗಳನ್ನು ತಮ್ಮ ಮನೆಯ ಕಾರ್ ಷೆಡ್ಡಿನಲ್ಲಿ ವರ್ಷಗಟ್ಟಲೆ ಇಟ್ಟುಕೊಂಡರು. 2008ರಲ್ಲಿ ಆ ಯಂತ್ರಗಳನ್ನೇ ಸರಿಪಡಿಸಿ, ಮುಚ್ಚಿಹೋಗಿದ್ದ ಒಂದು ಹೋಟೆಲಿನ ಕಟ್ಟಡದಲ್ಲಿ ಕೂತು, ಚಂದ್ರನ ಅಂಚಿನ ಮೇಲೆ ಭೂಮಿ ಉದಯಿಸುವ 1966ರ ಚಿತ್ರವನ್ನು ಹಿಂದೆ ಯಾರೂ ನೋಡಿರದಷ್ಟು ಸ್ಪಷ್ಟವಾಗಿ ಮತ್ತೆ ಹೊರತೆಗೆದರು. ‘ಇದೆಲ್ಲ ಯಾಕೆ ಇಟ್ಟುಕೊಂಡಿದ್ದೀಯ, ಗುಜರಿಗೆ ಹಾಕಬಾರದೆ’ ಎಂಬ ಮಾತು ನಮ್ಮ ಮನೆಗಳಲ್ಲೂ ನಾವು ಕೇಳುವುದೇ ತಾನೆ? ಆಕೆಗೂ ಎಷ್ಟು ಜನ ಹಾಗೆಂದಿರಬಹುದು ಎಂದುಕೊಳ್ಳುತ್ತೇನೆ.

ನಮ್ಮ ಮನೆಯಲ್ಲೂ ಹೀಗೊಂದು ಆಯಿತು. ನನ್ನ ಅಮ್ಮ ಹಸೆ ಹಾಡು, ಆರತಿ ಹಾಡು, ಬೀಗರ ಹಾಡುಗಳಿಗೆ ಹೆಸರಾಗಿದ್ದವಳು. 1987ರಲ್ಲಿ ಅಣ್ಣ ಅವಳನ್ನು ಕೂರಿಸಿ ಎರಡು ಕ್ಯಾಸೆಟ್ ತುಂಬ ಹಾಡಿಸಿದ್ದ. ಅಮ್ಮ ಹೋದ ಮೇಲೆ, 2004ರಲ್ಲಿ, ಕ್ಯಾಸೆಟ್ಟು ಹಾಳಾಗದಿರಲಿ ಎಂದು ಪೇಟೆಯ ಒಂದು ಅಂಗಡಿಗೆ ಕೊಟ್ಟು ಸಿ.ಡಿ. ಮಾಡಿಸಿದೆವು. ‘ಇದು ನೂರು ವರ್ಷ ಬರುತ್ತೆ ಮೇಡಂ’ ಎಂದು ಅಂಗಡಿಯವರು ಹೊಳೆಯುವ ಸಿ.ಡಿ. ಕೈಗಿತ್ತರು. ಕ್ಯಾಸೆಟ್ಟುಗಳು ಮಾತ್ರ ಅವರಲ್ಲೇ ಎಲ್ಲೋ ಕಳೆದುಹೋದವು, ಎಷ್ಟು ಕೇಳಿದರೂ ಸಿಗಲಿಲ್ಲ. 2016ರಲ್ಲಿ ಅಣ್ಣನ ಮಗಳ ಮದುವೆಗೆ ಅಜ್ಜಿಯ ದನಿಯಲ್ಲೇ ಹಸೆಗೆ ಕರೆಯೋಣ ಎಂದು ಸಿ.ಡಿ. ಹಾಕಿದರೆ ಒಂದು ಅಕ್ಷರ ಕೇಳಲಿಲ್ಲ. ಎರಡು ಮೂರು ಕಡೆ ತೋರಿಸಿದೆವು. ಒಳಗಿನ ಪದರ ಹೋಗಿದೆ ಎಂದರು. ಅಂಗಡಿ ಆ ವೇಳೆಗೆ ಬಾಗಿಲು ಹಾಕಿತ್ತು.

ಉಳಿದದ್ದು ಅಮ್ಮನ ಕೈಬರಹದ ಒಂದು ನೋಟ್‌ಬುಕ್ಕು. ಎಣ್ಣೆ ಕಲೆ, ಅರಿಸಿನದ ಬೆರಳ ಗುರುತು, ಅಂಚು ಮಡಚಿದ ಹಾಳೆಗಳು. ಅದರಲ್ಲಿ ನಲವತ್ತೊಂದು ಹಾಡು. ಮಾತುಗಳೆಲ್ಲ ಇವೆ. ಆದರೆ ಧಾಟಿ? ಅದು ಕಾಗದದಲ್ಲಿರಲಿಲ್ಲ. ಮದುವೆ ಮನೆಯಲ್ಲಿ ಎಲ್ಲರೂ ಮುಖ ಮುಖ ನೋಡಿಕೊಂಡಾಗ ಅತ್ತಿಗೆಯೇ ಮುಂದೆ ಬಂದರು. ಸೊಸೆಯಾಗಿ ಬಂದ ಹೊಸದರಲ್ಲಿ ಅಮ್ಮನ ಪಕ್ಕದಲ್ಲಿ ಕೂತು ಕಲಿತವರು. ನೋಟ್‌ಬುಕ್ಕನ್ನು ಕನ್ನಡಕದ ಹತ್ತಿರ ಹಿಡಿದು, ಮೊದಲು ತಡವರಿಸಿ, ಆಮೇಲೆ ಸರಾಗವಾಗಿ ಹಾಡಿದರು. ಹಿಂದೆ ತಂತಿ ಕಚೇರಿಯ ಪಟ್ಟಿಯನ್ನು ಕಿಟಕಿಗೆ ಹಿಡಿದು ಓದಿದವರೂ ಅವರೇ ಎಂಬುದು ಆಗ ನನಗೆ ನೆನಪಾಯಿತು.

ತೂತಿನ ಪಟ್ಟಿಯ ಇತಿಹಾಸ ಓದುತ್ತಾ ಹೋದಂತೆ ನನಗೆ ಗಟ್ಟಿಯಾದ ಮಾತು ಇದೇ. ಒಂದು ವಸ್ತುವನ್ನು ಉಳಿಸುವುದೆಂದರೆ ಅದನ್ನು ಓದುವವರನ್ನೂ ಉಳಿಸುವುದು. ಮಾಲರನ ಸುರುಳಿಗೆ ಪಿಯಾನೋ ಸರಿಪಡಿಸಬಲ್ಲವರು ಬೇಕು. ಚಂದ್ರನ ಚಿತ್ರಕ್ಕೆ ನ್ಯಾನ್ಸಿ ಇವಾನ್ಸ್ ಬೇಕು. ಅಮ್ಮನ ನೋಟ್‌ಬುಕ್ಕಿಗೆ ಅತ್ತಿಗೆ ಬೇಕು. ಪೇಪರ್ ಟೇಪಿನ ಹೆಚ್ಚುಗಾರಿಕೆ ಅದು ಕಾಗದ ಎಂಬುದರಲ್ಲಿಲ್ಲ. ಅದನ್ನು ಓದಲು ಬೇಕಾದ ವಿದ್ಯೆ ಒಂದೇ ಹಾಳೆಯಲ್ಲಿ ಬರೆದಿಡುವಷ್ಟು ಸಣ್ಣದು ಎಂಬುದರಲ್ಲಿದೆ. ಯಾವ ಅಕ್ಷರಕ್ಕೆ ಯಾವ ತೂತು ಎಂಬ ಪಟ್ಟಿಯನ್ನು ಸುರುಳಿಯ ಜೊತೆಗೇ ಇಟ್ಟರೆ ನೂರಾರು ವರ್ಷದ ನಂತರ ಬಂದವರೂ ಓದಿಯಾರು. ಸಿ.ಡಿ.ಯನ್ನು ಓದುವ ವಿದ್ಯೆಯನ್ನು ಹಾಗೆ ಒಂದು ಹಾಳೆಯಲ್ಲಿ ಬರೆದು ಕೊಡಲು ಯಾರಿಂದಾದೀತು?

ಹಾಗೆಂದು ನಾವೆಲ್ಲ ಮನೆಯಲ್ಲಿ ತೂತು ಹಾಕುತ್ತಾ ಕೂರಬೇಕೆಂದು ನಾನು ಹೇಳುತ್ತಿಲ್ಲ. ಮಾಡಬಹುದಾದ್ದು ಸುಲಭವಿದೆ. ಕೈಯಲ್ಲಿ ಬರೆದದ್ದನ್ನು ಎರಡು ಮೂರು ನಕಲು ಮಾಡಿ ಬೇರೆ ಬೇರೆ ಮನೆಗಳಲ್ಲಿಡುವುದು. ಹಳೆಯ ಫೋಟೋಗಳ ಹಿಂದೆ ಯಾರು, ಎಲ್ಲಿ, ಯಾವ ವರ್ಷ ಎಂದು ಪೆನ್ಸಿಲಿನಲ್ಲಿ ಬರೆಯುವುದು. ಮೊಬೈಲಿನಲ್ಲಿರುವುದನ್ನು ಕೆಲವು ವರ್ಷಕ್ಕೊಮ್ಮೆ ಹೊಸ ಜಾಗಕ್ಕೆ ವರ್ಗಾಯಿಸುವುದು, ಹೊಸದು ತೆರೆಯುತ್ತದೆ ಎಂದು ಖಾತ್ರಿಯಾಗುವವರೆಗೆ ಹಳೆಯದನ್ನು ಯಾರ ಕೈಗೂ ಬಿಟ್ಟುಕೊಡದಿರುವುದು. ಎಲ್ಲಕ್ಕಿಂತ ಮೊದಲು, ಹಾಡು ಬಲ್ಲವರ ಪಕ್ಕದಲ್ಲಿ ಒಬ್ಬ ಹುಡುಗಿಯನ್ನು ಕೂರಿಸುವುದು.

ಮೊನ್ನೆ ಕುತೂಹಲಕ್ಕೆ ಒಂದು ಲೆಕ್ಕ ಮಾಡಿದೆ. 1991ರಿಂದ ಕನ್ನಡ ಲಿಪಿಗೂ ಯೂನಿಕೋಡ್ ಎಂಬ ಜಗತ್ತಿನ ಗಣಕಗಳ ಅಕ್ಷರಪಟ್ಟಿಯಲ್ಲಿ ಜಾಗವಿದೆ. ಆ ಪ್ರಕಾರ ನಮ್ಮ ‘ಅಮ್ಮ’ ಎಂಬ ಮಾತನ್ನು ಕನ್ನಡದಲ್ಲೇ ಎಂಟು ಮನೆಗಳ ಪಟ್ಟಿಯಲ್ಲಿ ಇಳಿಸಿದರೆ ಹನ್ನೆರಡು ಸಾಲು, ಒಟ್ಟು 46 ತೂತು. ಉದ್ದ ಒಂದೂಕಾಲು ಅಂಗುಲಕ್ಕೂ ತುಸು ಕಡಿಮೆ. ಸಾವಿರ ಗುರುತುಗಳಷ್ಟು ಉದ್ದವಿರುವ ಒಂದು ಹಸೆ ಹಾಡಿಗೆ 25 ಅಡಿ ಪಟ್ಟಿ ಬೇಕು. ಅಮ್ಮ ಉಡುತ್ತಿದ್ದ ಎಂಟು ಗಜದ ಸೀರೆಗಿಂತ ಒಂದಡಿ ಹೆಚ್ಚು. ಈ ಲೆಕ್ಕವನ್ನು ಅತ್ತಿಗೆಗೆ ಹೇಳಿದೆ. ‘ಅಷ್ಟುದ್ದ ತೂತು ಹಾಕೋ ಹೊತ್ತಿಗೆ ನಾಲ್ಕು ಹುಡುಗೀರಿಗೆ ಹಾಡು ಹೇಳಿಕೊಡಬಹುದು ಕಣೇ’ ಎಂದರು. ಈಗ ಶನಿವಾರ ಸಂಜೆ ಅವರ ಮನೆಯಲ್ಲಿ ಮೂವರು ಕೂರುತ್ತಿದ್ದಾರೆ. ನಾಲ್ಕನೆಯವಳನ್ನು ಹುಡುಕುತ್ತಿದ್ದೇವೆ.